ಬೇಸ್ ಗಿಟಾರಿನ ಕುತ್ತಿಗೆಯೊಳಗಿನ ಸರಳಿನ ಸನ್ನಿಧಾನಕ್ಕೆ

ಮಾನ್ಯರೇ,

ನನ್ನ ಬೇಸ್ ಗಿಟಾರಿನ ಕುತ್ತಿಗೆಯೊಳಗೆ, ಗಾಳಿ ಬೆಳಕಿನ ಹಂಗಿಲ್ಲದ ಮರದ ಕೋಣೆಯಲ್ಲಿ ಗಂಭೀರವಾಗಿ ಮಲಗಿರುವ ಉಕ್ಕಿನ ಸರಳಾದ ತಮಗೆ, ತಮ್ಮ ಮುಖವನ್ನೇ ಕಾಣದ ಅಂಗಡಿ ಶಟರ್ ರಿಪೇರಿಯವನ ಅನಂತ ನಮಸ್ಕಾರಗಳು. ನಾಲ್ಕು ದಪ್ಪ ತಂತಿಗಳು ಹಗಲಿರುಳು ಜಗ್ಗಿದರೂ ಕುತ್ತಿಗೆ ಬಾಗದಂತೆ ಕಾಯುವವರು ತಾವೇ ಎಂದು ತಿಳಿದಾಗ, ಸಂಸಾರಸ್ಥನಾದ ನನಗೆ ತಮ್ಮ ಮೇಲೆ ಗೌರವಕ್ಕಿಂತ ಹೆಚ್ಚಾಗಿ ಅನುಕಂಪ ಹುಟ್ಟಿತು.

ವಿಷಯಕ್ಕೆ ಬರುತ್ತೇನೆ. ಮಗಳು ಹಾಡುವ ತಂಡದಲ್ಲಿ ಬೇಸ್ ನುಡಿಸುವವನು ನಾನು. ಕುತ್ತಿಗೆಯ ಮೇಲ್ತುದಿಯಲ್ಲಿ ಎಲ್ಲಿ ಬೆರಳಿಟ್ಟರೂ ಸ್ವರದ ಬದಲು ಡಬ್ಬಿಯಲ್ಲಿ ಸಿಕ್ಕಿಬಿದ್ದ ಜೀರುಂಡೆಯ ಸದ್ದು ಬರುತ್ತಿತ್ತು. "ಅಪ್ಪಾ, ಶನಿವಾರದ ಕಾರ್ಯಕ್ರಮದ ಹೊತ್ತಿಗೆ ಆ ಗೊರಗೊರ ನಿಲ್ಲಿಸು, ಇಲ್ಲಾಂದ್ರೆ ನಿನ್ನ ಜಾಗದಲ್ಲಿ ಲ್ಯಾಪ್‌ಟಾಪ್ ಇಡ್ತೀನಿ" ಎಂದು ಮಗಳು ಪ್ರೀತಿಯಿಂದಲೇ ಹೇಳಿದಳು. ಡ್ರಮ್ಸ್ ಬಾರಿಸುವ ನನ್ನ ಭಾವಮೈದುನ, "ಲ್ಯಾಪ್‌ಟಾಪ್ ಆದ್ರೆ ಮಧ್ಯೆ ಮಧ್ಯೆ ಟೀನೂ ಕೇಳಲ್ಲ ಬಿಡಮ್ಮ" ಎಂದು ಅನುಮೋದಿಸಿದ.

ನಮ್ಮ ಕಸುಬಿನಲ್ಲಿ ಸದ್ದು ಮಾಡುವುದೆಲ್ಲ ಸಡಿಲವಾಗಿರುತ್ತದೆ, ಬಿಗಿದರೆ ಬಾಯಿ ಮುಚ್ಚುತ್ತದೆ. ಅದೇ ಧೈರ್ಯದಲ್ಲಿ ಆರು ಮೂಲೆಯ ಅಲೆನ್ ಕೀ ಹಿಡಿದು ತಮ್ಮ ತುದಿಯ ತಿರುಪನ್ನು ಒಂದು ಪೂರ್ತಿ ಸುತ್ತು ಬಿಗಿದೆ. ತಾವು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿದಿರಿ. ತಂತಿಗಳು ಕುತ್ತಿಗೆಗೆ ಅಡ್ಡಲಾಗಿರುವ ಲೋಹದ ಪಟ್ಟಿಗಳ ಮೇಲೆ ಅಂಗಾತ ಬಿದ್ದವು. ಜೀರುಂಡೆ ಒಂದಿದ್ದದ್ದು ಸಂಸಾರ ಸಮೇತವಾಯಿತು. ಸಿಟ್ಟಿನಲ್ಲಿ ಸಡಿಲಿಸಿದೆ. ಆಗ ತಂತಿಗಳು ಎಷ್ಟು ಮೇಲೆದ್ದವೆಂದರೆ ಅವುಗಳ ಕೆಳಗೆ ಬೆಕ್ಕು ಬಾಲವೆತ್ತಿಕೊಂಡು ದಾಟಬಹುದಿತ್ತು. ಕೊನೆಗೆ ಗಿಟಾರ್ ಅಂಗಡಿಯವರು ಫೋನಿನಲ್ಲಿ, "ಅದೇನು ಶಟರ್ರಾ ಸ್ವಾಮಿ? ಕಾಲು ಸುತ್ತು ತಿರುಗಿಸಿ, ಮರ ಒಗ್ಗೋವರೆಗೂ ಸುಮ್ನಿರಿ" ಎಂದರು. ಇಂದು ಕೊಟ್ಟ ಅರ್ಜಿಗೆ ನಾಳೆ ಮಾತ್ರ, ಅದೂ ಮನಸ್ಸಿದ್ದರೆ, ಕೂದಲೆಳೆಯಷ್ಟು ಅಲುಗಾಡುವ ತಮ್ಮ ದಕ್ಷತೆಯನ್ನು ಕಂಡು, ತಮಗೊಂದು ದೊಡ್ಡ ಇಲಾಖೆ ಕೊಡದಿರುವುದು ನಾಡಿನ ದೌರ್ಭಾಗ್ಯವೆಂದೇ ನನಗನ್ನಿಸಿತು.

ಅಂತೂ ತಾವು ಒಲಿದಿರಿ. ತಂತಿಗಳ ಬುಡದ ಪುಟ್ಟ ತಿರುಪುಗಳಿಂದ ಎತ್ತರವನ್ನೂ ಉದ್ದವನ್ನೂ ಹೊಂದಿಸಿದೆ. ಈಗ ಎಲ್ಲಿ ಮುಟ್ಟಿದರೂ ಬೆಣ್ಣೆ, ಪ್ರತಿ ಸ್ವರವೂ ಗಂಟೆ ಹೊಡೆದಂತೆ.

ಮಾನ್ಯರೇ, ನನ್ನ ದೂರು ಇದೇ. ನಿನ್ನೆಯ ಅಭ್ಯಾಸದಲ್ಲಿ ಗೊರಗೊರ ಪೂರ್ತಿ ಮಾಯವಾಗಿದ್ದರಿಂದ, ಅದರ ಹಿಂದೆ ಇಷ್ಟು ವರ್ಷ ಮಾನವಾಗಿ ಬಾಳುತ್ತಿದ್ದ ನನ್ನ ತಪ್ಪು ಸ್ವರಗಳು ಒಂದೊಂದಾಗಿ, ಸ್ಪಷ್ಟವಾಗಿ, ಬೀದಿಗೆ ಬಂದವು. ಮಗಳು ಹಾಡು ನಿಲ್ಲಿಸಿದಳು. ಭಾವಮೈದುನ, "ಭಾವ, ಗಿಟಾರ್ ಸರಿಹೋಯ್ತು. ಇನ್ನು ನಿಮ್ಮನ್ನ ಯಾವ ಅಂಗಡಿಗೆ ಕೊಡೋದು?" ಎಂದ. ಕುಣಿಯಲಾರದವನಿಗೆ ಆಸರೆಯಾಗಿದ್ದ ಡೊಂಕು ನೆಲವನ್ನು ಕೈಯಾರೆ ನೆಟ್ಟಗೆ ಮಾಡಿಕೊಂಡು ಕುಳಿತಿದ್ದೇನೆ. ಇನ್ನು ಯಾರನ್ನು ದೂರಲಿ?

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಶನಿವಾರ ಸಂಜೆಯ ಮಟ್ಟಿಗೆ, ಸಭಿಕರ ಎದುರು ಎದ್ದು ಕಾಣುವಷ್ಟು ಕೆಟ್ಟು, ಒಬ್ಬ ತಂದೆಯ ಮಾನ ಉಳಿಸಬೇಕೆಂದು ಕೋರುತ್ತೇನೆ.

ಬೇರೆ ದಾರಿಯಿಲ್ಲದ,
ತಮ್ಮ ವಿಶ್ವಾಸಿ,
ಶಟರ್ ರಿಪೇರಿಯವನು

ವಿ.ಸೂ.: ಇದೀಗ ಬಂದ ಸುದ್ದಿ: ಲ್ಯಾಪ್‌ಟಾಪ್ ಬೇಡವಂತೆ, ಶನಿವಾರ ನಾನೇ ನುಡಿಸಬೇಕಂತೆ. ನನ್ನ ಸ್ಪೀಕರಿನ ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿ ಮಾತ್ರ ಮಗಳ ಕೈಯಲ್ಲಿರುತ್ತದಂತೆ. ಅವಳು ಅದನ್ನು ಯಾವ ಕಡೆಗೆ ತಿರುಗಿಸುತ್ತಾಳೆಂದು ನಾನು ಕೇಳಿಲ್ಲ, ತಾವೂ ಕೇಳಬೇಡಿ.