ಕರಡಿಗೆ ಹಾಕಿದ ಕೌದಿ ಹೊಲಿಗೆ

ಮೆತ್ತಪ್ಪ ಕರಡಿಯನ್ನು ನಾನು ಮೊದಲು ಕಂಡದ್ದು ಒಂದು ಶನಿವಾರ, ಮೊಮ್ಮಗಳ ಪಾಟಿಚೀಲದಲ್ಲಿ. ಎರಡನೆಯ ತರಗತಿಯ ಸ್ನೇಹಲ್ ಶಾಲೆಯಿಂದ ತಂದ ಕತೆಪುಸ್ತಕದ ಕರಡಿ ಅವನು. ದುಂಡು ಹೊಟ್ಟೆ, ಮಡಚಿದ ಒಂದು ಕಿವಿ, ಮುಖದಲ್ಲಿ ಬೀಗರ ಊಟಕ್ಕೆ ಹೊರಟವನ ಸಂತೋಷ!

ಮಗ ಗುರುನಾಥ ಕೈಯಲ್ಲಿದ್ದ ಚಹಾ ಮರೆತ. “ಯವ್ವಾ, ಇಂವಾ ಇನ್ನೂ ಅದಾನ? ಸಣ್ಣಾಂವ ಇದ್ದಾಗ ನಾನೂ ಇವನ್ನ ಓದೇನಿ!”

ಮಗನ ತಲೆ ನರೆತಿದೆ. ಕರಡಿಯ ಒಂದು ಕೂದಲೂ ಬೆಳ್ಳಗಾಗಿಲ್ಲ! ಆದರೆ ಪುಸ್ತಕದ ಬೆನ್ನು ಹರಿದು ಹಾಳೆಗಳು ಉದುರುತ್ತಿದ್ದವು.

“ಆಯಿ, ಸೋಮವಾರ ಹೊಳ್ಳಿ ಕೊಡಬೇಕು. ಪುಸ್ತಕ ಕೆಡಿಸಿದ್ರ ವರ್ಷಪೂರ್ತಿ ಮತ್ತ ಕೊಡೂದಿಲ್ಲಂತ ಅಕ್ಕೋರು,” ಎಂದಳು ಸ್ನೇಹಲ್. ಅಕ್ಕೋರು ಎಂದರೆ ಅವಳ ಟೀಚರ್ ಶೈಲಜಾ.

“ಅಷ್ಟನ? ನಲವತ್ತು ವರ್ಷ ಕೌದಿ ಹೊಲದ ಕೈ ಇದು! ಹೆಂಗ ಹೊಲದ ಕೊಡತೇನಿ ಅಂದ್ರ, ನಿನ್ನ ಮೊಮ್ಮಕ್ಕಳೂ ಓದಬೇಕು!” ಎಂದು ಘೋಷಿಸಿದೆ.

ಭಾನುವಾರ ದಬ್ಬಣ ಹಿಡಿದು ಕುಳಿತೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುವವಳಿಗೆ ಒಂದೇ ನಿಯಮ: ಯಾವ ಅಂಚೂ ಸಡಿಲ ಇರಬಾರದು. ಬೆನ್ನು ಹೊಲಿದೆ. ಕೈ ನಿಲ್ಲಲಿಲ್ಲ. ಕೆಳಗಿನ ಅಂಚು, ಮುಂದಿನ ಅಂಚು, ಮೇಲಿನ ಅಂಚು! ಇರುವೆ ಸಾಲಿನಂಥ ಹೊಲಿಗೆ! ಮೂಲೆಗಳಿಗೆ ಕೆಂಪು ಬಟ್ಟೆಯ ತುಂಡು ಬೇರೆ!

ಸ್ನೇಹಲ್ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿದಳು. ಎಲ್ಲಿಯೂ ತೆರೆಯಲಿಲ್ಲ.

“ಆಯೀ... ಮೆತ್ತಪ್ಪ ಉಸರ ಹೆಂಗ ಆಡ್ತಾನ?”

ಅವಳ ಕಣ್ಣು ತುಂಬಿತು. ನನ್ನ ಕೀರ್ತಿ ಅಲ್ಲೇ ಮಣ್ಣುಪಾಲು!

“ಯವ್ವಾ, ಇದನ್ನ ಓದೂದೋ, ಹೊಚಗೊಂಡು ಮಲಗೂದೋ?” ಗುರುನಾಥ ನಕ್ಕ.

“ಹಲ್ಲ ಕಿಸೀಬ್ಯಾಡ. ಬ್ಲೇಡ್ ಕೊಡಿಲ್ಲೆ!”

ಬೆನ್ನಿನದೊಂದು ಬಿಟ್ಟು ಉಳಿದ ಹೊಲಿಗೆಯನ್ನೆಲ್ಲ ಒಂದೊಂದಾಗಿ ಕೊಯ್ದೆ. ಮೆತ್ತಪ್ಪ ಹೊರಬಂದ, ಆದರೆ ಪುಟಪುಟದ ಸುತ್ತಲೂ ಸಿಡುಬು ಎದ್ದಂತೆ ತೂತು!

ಸೋಮವಾರ ನಾನೇ ಶಾಲೆಗೆ ಹೋದೆ. “ತಪ್ಪು ನಂದ್ರಿ ಅಕ್ಕೋರ. ಹುಡುಗಿಗೆ ಪುಸ್ತಕ ಬಂದ್ ಮಾಡಬ್ಯಾಡ್ರಿ.”

ಶೈಲಜಾ ಒಂದು ಹಾಳೆ ಎತ್ತಿ ಬೆಳಕಿಗೆ ಹಿಡಿದರು. “ಜರಡಿ ಆಗೇತಲ್ರಿ ಇದು! ಮಕ್ಕಳ ಮುಂದ ನೀವ ಓದ್ರಿ. ಪೂರಾ ಓದಾಕ ಬಂತಂದ್ರ ಸ್ನೇಹಲ್‌ಗ ಮತ್ತ ಪುಸ್ತಕ ಕೊಡತೇನಿ.”

ನಾನು! ಗಂಡ ತೀರಿದ ಮೇಲೆ ಕಲಿತ ಅಕ್ಷರ ನನ್ನವು. ನಾನು ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ರಾಮದುರ್ಗ ಮುಟ್ಟಿರುತ್ತದೆ!

ಬೆರಳಿಟ್ಟು ಶುರು ಮಾಡಿದೆ. ಮಕ್ಕಳಿಗೋ ಕತೆ ಬಾಯಿಪಾಠ. ನಾನು ‘ಮೆ’ ಎನ್ನುವಷ್ಟರಲ್ಲಿ ಅವರು ಕರಡಿಯನ್ನು ಮರ ಹತ್ತಿಸಿ, ಇಳಿಸಿ, ಊಟಕ್ಕೂ ಕೂರಿಸಿರುತ್ತಿದ್ದರು.

“ಆಯಿ, ಮುಂದಿಂದು ನಾ ಹೇಳ್ಲೇನ್ರಿ?”

“ಸುಮ್ನ ಕುಂದರ್ರೋ! ಒಂದ ಅಕ್ಷರ ಬಿಟ್ರೂ ನಮ್ಮ ಹುಡುಗಿ ಪುಸ್ತಕ ಹೋಗತೈತಿ!”

ಒತ್ತಕ್ಷರ ಬಂದಲ್ಲೆಲ್ಲ ಬೆವರಿದೆ. ಕರಡಿ ಕೊಂಬೆಯಿಂದ ಜಾರಿ ಕೆಸರಿಗೆ ಬಿದ್ದಾಗ ಮಕ್ಕಳು, ಇದೇ ಮೊದಲ ಸಲ ಬಿದ್ದನೇನೋ ಎಂಬಂತೆ, ಹೊಟ್ಟೆ ಹಿಡಿದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಬಿಡುವಿನ ಗಂಟೆ ಹೊಡೆಯಿತು, ಒಬ್ಬರೂ ಏಳಲಿಲ್ಲ.

ಅಂತೂ ಕೊನೆಯ ಪುಟ ಮುಟ್ಟಿದೆ! ಶೈಲಜಾ ಪುಸ್ತಕದ ಕಪಾಟಿನ ಕೀಲಿಕೈಯನ್ನು ಸ್ನೇಹಲ್ ಕೈಗಿಟ್ಟರು. ಗಂಟಲು ಒಣಗಿತ್ತು, ಕಣ್ಣು ಉರಿಯುತ್ತಿತ್ತು, ಆದರೂ ಗೆದ್ದೆನೆಂದು ಸೆರಗಿನಿಂದ ಮುಖ ಒರೆಸಿಕೊಂಡೆ.

“ಇನ್ನೂ ಒಂದು ಸಾಲು ಐತ್ರಿ!” ಎಂದು ಮಕ್ಕಳೆಲ್ಲ ಕೂಗಿದರು.

ಪುಟದ ಕೆಳಗೆ ನೋಡಿದರೆ, ಎರಡೂ ಕೈ ಚಾಚಿ ನಿಂತ ಮೆತ್ತಪ್ಪ ನನ್ನನ್ನೇ ಕೇಳುತ್ತಿದ್ದಾನೆ: “ಮೊದಲಿನಿಂದ ಇನ್ನೊಮ್ಮೆ ಓದುತ್ತೀರಾ?”