ರಾಜನ ಪೇಟ ಮತ್ತು ರೀಫಂಡು

ಎದುರಿಗೆ ನಿಂತವರ ಜೊತೆ ಜಗಳವಾಡುವುದು ಎಷ್ಟು ಸುಖದ ಕೆಲಸ ಅನ್ನುವುದು ಕಂಪ್ಯೂಟರಿನ ಜೊತೆ ಜಗಳವಾಡಿದವರಿಗೇ ಗೊತ್ತು. ಎದುರಿಗಿದ್ದವರ ಮುಖ ಕೆಂಪಾಗುತ್ತದೆ, ನಮ್ಮದೂ ಆಗುತ್ತದೆ, ಅಕ್ಕಪಕ್ಕದವರು ಬಂದು ಬಿಡಿಸುತ್ತಾರೆ, ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ. ಹಿಂದೆ ವಿಜಯನಗರ ಬಡಾವಣೆಯಲ್ಲಿ ನಮಗೆ ಗೊತ್ತಿದ್ದ ಪಾತ್ರೆ ಅಂಗಡಿಯವರೊಬ್ಬರಿದ್ದರು. ಯಾರಾದರೂ ಬಾಣಲೆ ವಾಪಸ್ ತಂದರೆ ಮೂಗಿನ ಹತ್ತಿರ ಹಿಡಿದು, "ಏನ್ ತಾಯಿ, ಉಪಯೋಗಿಸೇ ಇಲ್ಲ ಅಂತೀರಾ, ಒಗ್ಗರಣೆ ವಾಸನೆ ಘಮಘಮ ಅಂತಿದೆ" ಅನ್ನುವರು. ಅಲ್ಲಿಗೆ ವಿಚಾರಣೆ ಮುಗಿಯಿತು. ಇಂಟರ್‌ನೆಟ್ಟಿನಲ್ಲಿ ಅಂಗಡಿ ಇಟ್ಟವರಿಗೆ ಈ ಮೂಗಿನ ಭಾಗ್ಯವಿಲ್ಲ.

ಅಂಗಡಿ ನನ್ನದಲ್ಲ, ನನ್ನ ಹೆಂಡತಿ ವಿಮಲಳದು. ದಸರಾಕ್ಕೆ ಕೂರಿಸುವ ಪಟ್ಟದ ಗೊಂಬೆಗಳಿಗೆ, ಅಂದರೆ ಮರದ ರಾಜ ರಾಣಿಯರಿಗೆ, ಅವಳು ಜರಿ ಸೀರೆ, ಪಂಚೆ, ಮುತ್ತಿನ ಸರ, ಪೇಟ ಎಲ್ಲ ಹೊಲಿದು ತೊಡಿಸುತ್ತಾಳೆ. ಮೂಡಲಪಾಳ್ಯದ ನಮ್ಮ ಬೀದಿಯಲ್ಲಿ ಕೊಳ್ಳುವವರೆಲ್ಲ ಕೊಂಡು ಮುಗಿದ ಮೇಲೆ ಒಂದು ವೆಬ್‌ಸೈಟಿನಲ್ಲಿ ಮಾರಲು ಶುರು ಮಾಡಿದಳು. ಹೊಲಿಯುವುದು ಅವಳು, ಈ-ಮೇಲ್ ಬರೆಯುವುದು ನಾನು. ನಾಯಂಡಹಳ್ಳಿಯ ಗೋಡೌನಿನಲ್ಲಿ ಸ್ಟೋರ್ ಕೀಪರ್ ಆಗಿ, ಬಂದ ಮಾಲನ್ನೆಲ್ಲ ತಟ್ಟಿ, ಎತ್ತಿ, ತಿರುಗಿಸಿ ನೋಡುವವನು ನಾನು. ನನಗೆ ಯಾರು ಟೋಪಿ ಹಾಕುತ್ತಾರೆ ಎಂಬ ಜಂಬ ಇತ್ತು.

ಹಾಕಿದರು. ಮೊದಲು ಒಬ್ಬ ಮಹಾನುಭಾವ ಪಾರ್ಸೆಲ್ಲೇ ಬಂದಿಲ್ಲ ಅಂದ. ಕೊರಿಯರ್‌ನವರ ಹತ್ತಿರ ಅವನದೇ ಸಹಿ ಇತ್ತು. ವೆಬ್‌ಸೈಟಿನವರು ಮಾತ್ರ "ಗ್ರಾಹಕರ ಮನಸ್ಸು ನೋಯಬಾರದು" ಎಂದು ಅವನ ಪರವಾಗಿಯೇ ತೀರ್ಪು ಕೊಟ್ಟು, ಇನ್ನೊಂದು ದೂರು ಬಂದರೆ ನಿಮ್ಮ ಅಂಗಡಿ ಮುಚ್ಚುತ್ತೇವೆ ಎಂದು ಬರೆದರು. ನಮಗೆ ಮನಸ್ಸೇ ಇಲ್ಲವೇನೋ! ಅಂದಿನಿಂದ ನಾನು ಪ್ರತಿ ಡಬ್ಬಕ್ಕೂ ಟೇಪು ಸುತ್ತಿ, ಅರಗಿನ ಸೀಲು ಹಾಕತೊಡಗಿದೆ. ಡಬ್ಬ ತೆಗೆಯಲು ಬಡಗಿಯನ್ನು ಕರೆಸಬೇಕಾಯಿತು ಎಂದು ಒಬ್ಬರು ಬರೆದರು.

ಆ ಇನ್ನೊಂದು ದೂರು ಬಂದದ್ದು ವಿಜಯದಶಮಿಯ ಮಾರನೆಯ ದಿನ. ರಾಜಾಜಿನಗರದ ಒಬ್ಬ ಹೆಣ್ಣುಮಗಳು, ಮಹಾಲಯ ಅಮಾವಾಸ್ಯೆಗೂ ಮೊದಲೇ ಗೊಂಬೆ ತರಿಸಿಕೊಂಡವಳು, "ರಾಜನ ಪೇಟ ಕಿತ್ತುಬಂದಿದೆ. ಕೆಲಸ ಕಳಪೆ. ರೀಫಂಡ್ ಕೊಡಿ" ಎಂದು ಬರೆದು ಗೊಂಬೆಗಳನ್ನು ವಾಪಸ್ ಕಳಿಸಿದ್ದಳು. ಅಂಗಡಿ ಮುಚ್ಚುತ್ತಾರೆ ಅನ್ನುವುದಕ್ಕಿಂತ ಆ ಕಳಪೆ ಅನ್ನುವ ಮಾತು ವಿಮಲಳಿಗೆ ತಾಗಿತು. "ಮೂರು ಸಲ ಬಿಚ್ಚಿ ಹೊಲಿದಿದ್ದೆ ಕಣ್ರೀ" ಅಂದವಳು ಆವತ್ತು ಸರಿಯಾಗಿ ಊಟವನ್ನೂ ಮಾಡಲಿಲ್ಲ. ನನಗೆ ಹೊಟ್ಟೆ ಉರಿದುಹೋಯಿತು.

ಪಾರ್ಸೆಲ್ ಬಿಚ್ಚಿದೆ. ರಾಣಿಯ ಹಣೆಯಲ್ಲಿ ಕುಂಕುಮ, ಪಾದದಲ್ಲಿ ಅರಿಶಿನ, ರಾಜನ ಮಡಿಲಲ್ಲಿ ಒಂದು ಚೂರು ಕೊಬ್ಬರಿ ಮಿಠಾಯಿ! "ಸಿಕ್ಕಿಬಿದ್ದಳು ಕಣೇ! ಒಂಬತ್ತು ದಿನ ಕೂರಿಸಿ, ಆರತಿ ಎತ್ತಿ, ಊರಿನವರಿಗೆಲ್ಲ ತೋರಿಸಿ, ಹಬ್ಬ ಮುಗಿದ ಮೇಲೆ ವಾಪಸ್ ಕಳಿಸಿದಾಳೆ" ಎಂದು ಕುಣಿದೆ. ಫೋಟೋ ತೆಗೆದು, ಪ್ರಿಂಟ್ ಹಾಕಿಸಿ, ವೆಬ್‌ಸೈಟಿನ ಕಸ್ಟಮರ್ ಕೇರಿಗೂ ಕಳಿಸಿದೆ. ಉತ್ತರ ಬಂತು: "ಚಿತ್ರದಲ್ಲಿ ಕೆಂಪು ಮತ್ತು ಹಳದಿ ಕಲೆಗಳು ಸ್ಪಷ್ಟವಾಗಿವೆ. ಕಲೆಯಾದ ಮಾಲು ಕಳಿಸಿದ್ದನ್ನು ಒಪ್ಪಿಕೊಂಡಿದ್ದಕ್ಕೆ ಧನ್ಯವಾದ." ನಾನು ಕುಂಕುಮ ಅಂದರೇನು ಎಂದು ವಿವರಿಸಿ ಬರೆದೆ. ಅರಿಶಿನದ ಬಗ್ಗೆ ಬೇರೆ ಬರೆದೆ. ಆಮೇಲೆ ಬರೆದದ್ದರಲ್ಲಿ ವಿವರಣೆ ಕಡಿಮೆ, ಬೈಗುಳ ಜಾಸ್ತಿ. ಅದರದೊಂದು ಪ್ರತಿಯನ್ನು ಆ ಹೆಣ್ಣುಮಗಳಿಗೂ ಕಳಿಸಿದೆ. ಅಂಗಡಿ ಭಾನುವಾರ ಸಂಜೆ ಮುಚ್ಚಲಾಗುವುದು ಎಂದು ಅತ್ತಲಿಂದ ತಣ್ಣಗೆ ತಿಳಿಸಿದರು.

ಇತ್ತ ವಿಮಲ ನನಗೆ ಒಂದು ಮಾತೂ ಹೇಳದೆ ಪಾರ್ಸೆಲ್ ಮೇಲಿದ್ದ ನಂಬರಿಗೆ ಫೋನ್ ಮಾಡಿದ್ದಾಳೆ. ಎತ್ತಿಕೊಂಡವರು ಆ ಹೆಣ್ಣುಮಗಳ ಅತ್ತೆ. "ಓ, ಗೊಂಬೆ ಮಾಡಿದ್ದು ನೀವೇನಮ್ಮಾ? ಬಂದವರೆಲ್ಲ ಅದನ್ನೇ ನೋಡಿದ್ದು!" ಅಂದರಂತೆ. ಇವಳು, "ಭಾನುವಾರ ಸೊಸೆಯವರನ್ನೂ ಕರ್ಕೊಂಡು ಅರಿಶಿನ ಕುಂಕುಮಕ್ಕೆ ಬನ್ನಿ" ಅಂದಳಂತೆ. ನಮ್ಮವರು ಎಂಥ ಮುಜುಗರವಿದ್ದರೂ ಅರಿಶಿನ ಕುಂಕುಮಕ್ಕೆ ಕರೆದರೆ ಬರುವುದಿಲ್ಲ ಅನ್ನುವ ಪೈಕಿ ಅಲ್ಲವಲ್ಲ. ಅತ್ತೆ ಮುಂದೆ, ಸೊಸೆ ಅವರ ಬೆನ್ನ ಹಿಂದೆ, ಬಂದೇಬಂದರು.

ಒಳಗೆ ಬಂದ ಅತ್ತೆಯವರ ಕಣ್ಣು ನೇರವಾಗಿ ವಿಮಲ ಆ ಗೊಂಬೆಗಳನ್ನು ಇಟ್ಟಿದ್ದ ಶೋಕೇಸಿಗೆ ಹೋಯಿತು. "ಇದು ನಮ್ಮನೆ ಗೊಂಬೆ ಅಲ್ವೇನೇ? ಅಟ್ಟದ ಮೇಲೆ ಎತ್ತಿಟ್ಟಿದೀನಿ ಅಂದೆ?" ಅಂದರು. ಸೊಸೆಯ ಮುಖ ಬಿಳಿಚಿಕೊಂಡಿತು. ಈ ಗಳಿಗೆಗಾಗಿಯೇ ಕಾದಿದ್ದ ನಾನು ಫೋಟೋಗಳ ಕವರ್ ಹಿಡಿದು ಎದ್ದು ನಿಂತು, ಗಂಟಲು ಸರಿಮಾಡಿಕೊಂಡೆ.

"ಪೇಟ ಒಂಚೂರು ಸಡಿಲ ಆಗಿತ್ತಂತೆ ಅಮ್ಮಾ, ಹೊಲಿದುಕೊಡಿ ಅಂತ ಕಳಿಸಿದ್ರು. ರೆಡಿಯಾಗಿದೆ, ತಗೊಂಡು ಹೋಗಿ" ಅಂದಳು ವಿಮಲ. ನನ್ನ ಕಡೆ ತಿರುಗಿ, "ರೀ, ಸುಮ್ನೆ ಯಾಕೆ ನಿಂತಿದೀರಾ? ಒಳಗಿಂದ ಕಾಫಿ ತನ್ನಿ" ಅಂದಳು.

ನಾನು ಕಾಫಿ ತಂದೆ. ಆ ಸೊಸೆ ಲೋಟ ತೆಗೆದುಕೊಳ್ಳುವಾಗ ತಲೆ ಎತ್ತಲಿಲ್ಲ. ಹೊರಡುವಾಗ ಮಾತ್ರ ವಿಮಲಳ ಕೈ ಹಿಡಿದು, "ಆಂಟೀ, ಸಾರಿ" ಎಂದು ಪಿಸುಗುಟ್ಟಿದಳು. ಗೊಂಬೆಗಳು ಅವಳ ಜೊತೆ ಆಟೋದಲ್ಲಿ ಹೋದವು. "ಮಾಲೂ ಹೋಯ್ತು, ಅಂಗಡಿನೂ ಹೋಯ್ತು" ಎಂದು ನಾನು ಕೂಗಾಡಿದೆ. ವಿಮಲ ಸೂಜಿಗೆ ದಾರ ಪೋಣಿಸುತ್ತಾ ಕೂತಳು.

ಅಂಗಡಿ ಮುಚ್ಚಲಿಲ್ಲ. ಸಂಜೆಯೊಳಗೆ ಆಕೆ ದೂರನ್ನು ವಾಪಸ್ ಪಡೆದಿದ್ದಳು. ಅಷ್ಟೇ ಅಲ್ಲ, ಎಲ್ಲರಿಗೂ ಕಾಣುವ ಹಾಗೆ ಬರೆದಿದ್ದಳು: "ಗೊಂಬೆ ಅದ್ಭುತ. ಕೆಲಸ ಅಚ್ಚುಕಟ್ಟು. ಮಾರುವವರು ಬಂಗಾರದಂಥ ಹೆಂಗಸು. ಈ-ಮೇಲ್ ಬರೆಯುವ ಅವರ ಯಜಮಾನರದು ಮಾತ್ರ ವಿಪರೀತ ಸಿಡುಕು."

ವಿಮಲ ಮೊದಲ ಮೂರು ವಾಕ್ಯಗಳನ್ನು ನನ್ನಿಂದ ಮತ್ತೆ ಮತ್ತೆ ಓದಿಸಿ ಕಣ್ಣೊರೆಸಿಕೊಂಡಳು. ಕೊನೆಯದನ್ನು ಓದಿಸಿ ಬಿದ್ದು ಬಿದ್ದು ನಕ್ಕಳು. ನಾನು ಬಿಡುತ್ತೇನೆಯೇ? ಈ ಮಾತು ಶುದ್ಧ ಸುಳ್ಳು, ಇದನ್ನು ಈ ಕೂಡಲೇ ತೆಗೆದುಹಾಕಿ ಎಂದು ಕಸ್ಟಮರ್ ಕೇರಿಗೆ ಉದ್ದನೆಯ ದೂರು ಬರೆದೆ. ಎಂದೂ ಇಲ್ಲದ ಹಾಗೆ ಹತ್ತೇ ನಿಮಿಷದಲ್ಲಿ ಉತ್ತರ ಬಂತು: "ತಾವು ಇದುವರೆಗೆ ನಮಗೆ ಬರೆದ ಪತ್ರಗಳನ್ನೆಲ್ಲ ಪರಿಶೀಲಿಸಿದೆವು. ಗ್ರಾಹಕರು ಹೇಳಿರುವುದು ಸರಿಯಾಗಿದೆ."