ಅಕ್ಕನ ಬೀರುವಿನ ಕಾಲು ತೆಗೆಸಿದ ಗೋದಾಮಿನ ಮ್ಯಾನೇಜರರಿಗೆ

ಬಾಡಿಗೆ ಕೋಣೆಗಳ ಗೋದಾಮಿನ ಮಾನ್ಯ ಮ್ಯಾನೇಜರ್ ಸಾಹೇಬರ ಸನ್ನಿಧಾನಕ್ಕೆ, ಮೂರನೇ ಮಹಡಿಯ ಹದಿನೇಳನೇ ಕೋಣೆಯವನು ತಲೆಬಾಗಿ (ಬಾಗದಿದ್ದರೆ ತಮ್ಮ ಬಾಗಿಲು ಹಣೆಗೆ ಬಡಿಯುತ್ತದೆ) ಮಾಡುವ ವಂದನೆಗಳು.

ಮಾನ್ಯರೇ,

ಕಣ್ಣಳತೆಯಲ್ಲಿ ನನ್ನನ್ನು ಮೀರಿಸಿದವರು ಈ ಭೂಮಂಡಲದಲ್ಲಿ ಹುಟ್ಟಿಲ್ಲ. ಏಳನೇ ತರಗತಿಯಲ್ಲಿದ್ದಾಗಲೇ ನಮ್ಮೂರ ಬೆಟ್ಟವನ್ನು ಶಾಲೆಯ ಕಿಟಕಿಯಿಂದಲೇ ಅಳೆದು, ಸರ್ಕಾರದ ನಕ್ಷೆಯಲ್ಲಿ ಮೂರಡಿ ತಪ್ಪಿದೆಯೆಂದು ತಿದ್ದಿಸಿದವನು ನಾನು. ಆದ್ದರಿಂದಲೇ ನಮ್ಮಕ್ಕ ತನ್ನ ಮನೆಯ ನೆಲ ಕಿತ್ತು ಹೊಸದು ಹಾಕಿಸುವ ಮೂರು ತಿಂಗಳ ಮಟ್ಟಿಗೆ ಸಾಮಾನು ಇಡಲು ಗೋದಾಮು ಹುಡುಕುವ ಕೆಲಸವನ್ನು ನನಗೇ ವಹಿಸಿದಳು. ಸಾಮಾನೆಂದರೆ ಮುಖ್ಯವಾಗಿ ಒಂದು ಬೀರು. ಅಕ್ಕ ತನ್ನ ಮೊದಲ ಸಂಬಳದಲ್ಲಿ ಮಾಡಿಸಿದ್ದು, ಆರೂವರೆ ಅಡಿ ಎತ್ತರ, ನಾಲ್ಕು ಕಾಲಿಗೂ ಬಳ್ಳಿಯ ಕೆತ್ತನೆ. "ಅದಕ್ಕೊಂದು ಗೀರು ಬಿದ್ರೂ ನನ್ನ ಹೊಸ್ತಿಲು ತುಳೀಬೇಡ ಕಣೋ" ಎಂದು ಪ್ರೀತಿಯಿಂದಲೇ ಹೇಳಿ ಕಳಿಸಿದಳು.

ತಮ್ಮಲ್ಲಿಗೆ ಬರುವ ಮುಂಚೆ ಎರಡು ಗೋದಾಮುಗಳನ್ನು ನೋಡಿ ತಿರಸ್ಕರಿಸಿದ್ದೆನೆಂಬುದನ್ನು ತಾವು ಹೆಮ್ಮೆಯಿಂದ ಗಮನಿಸಬೇಕು. ಮೊದಲನೆಯದರಲ್ಲಿ ಕೂತಿದ್ದ ಹೆಣ್ಣುಮಗಳು ನಮಸ್ಕಾರಕ್ಕೂ ಮುಂಚೆ ಟೇಪು ಹಿಡಿದುಕೊಂಡು, "ನಿಮ್ಮ ಸಾಮಾನಲ್ಲಿ ಎಲ್ಲಕ್ಕಿಂತ ಎತ್ತರ ಯಾವುದು, ಎಷ್ಟಿದೆ?" ಎಂದು ಕೇಳಿ ನನ್ನ ಯೋಗ್ಯತೆಯನ್ನೇ ಪ್ರಶ್ನಿಸಿದಳು. ಎರಡನೆಯ ಕಡೆಯ ಮುದುಕರು "ಪಟ್ಟಿ ಬರ್ಕೊಂಡು ಬನ್ನಿ, ಆಮೇಲೆ ಮಾತಾಡೋಣ" ಎಂದರು. ಪಟ್ಟಿಯಂತೆ! ನಾನೇನು ಪರೀಕ್ಷೆ ಬರೆಯಲು ಹೋಗಿದ್ದೆನೇ? ತಾವಾದರೋ ತಿರುಗುವ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಕಾಫಿ ತರಿಸಿ, ಒಂದೇ ಒಂದು ಪ್ರಶ್ನೆಯನ್ನೂ ಕೇಳದೆ, "ನಿಮ್ಮಂಥವರಿಗೆ ನಾವೇನ್ ಹೇಳೋದಿದೆ ಸಾರ್" ಎಂದಿರಿ. ಗೋದಾಮು ಎಂದರೆ ಹೀಗಿರಬೇಕು ಎಂದು ನಾನು ಆ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿ ತೀರ್ಮಾನಿಸಿದೆ.

ಆಮೇಲೆ ನಾನು ಅಡಿಗೊಂದು ಗಂಟು ಹಾಕಿದ ಹಗ್ಗ ತೆಗೆದು ಕೋಣೆಯ ಒಳಗನ್ನು ಅಳೆದಾಗ ತಾವು ಬಾಗಿಲಲ್ಲೇ ನಿಂತು ತಲೆದೂಗುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಆರಡಿ ಅಗಲ, ನಾಲ್ಕಡಿ ಆಳ, ಎಂಟಡಿ ಎತ್ತರ, ಬೀರುವಿನ ಮೇಲೆ ಇನ್ನೊಂದು ಟ್ರಂಕು ಇಡಬಹುದು! ಒಳಗೆಲ್ಲ ಅಳೆದ ನಾನು, ತಾವು ನಿಂತಿದ್ದ ಬಾಗಿಲನ್ನು ಮಾತ್ರ ಮರ್ಯಾದೆಗೆಂದು ಅಳೆಯಲಿಲ್ಲ. ನಿಂತವರನ್ನು ಸರಿಯಿರಿ ಎನ್ನುವುದು ನಮ್ಮ ಕಡೆ ಒಳ್ಳೆಯ ನಡತೆಯಲ್ಲ. ಆ ಬಾಗಿಲು ಆರಡಿಗೆ ಎರಡಿಂಚು ಕಡಿಮೆಯೆಂಬ ರಹಸ್ಯವನ್ನು ತಾವು ಎಷ್ಟು ಸಂಯಮದಿಂದ ಕಾಪಾಡಿದಿರಿ!

ಬೀರು ಬಂದ ದಿನ ನೇರ ನೂಕಿದೆವು, ಓರೆ ಮಾಡಿದೆವು, ಮಲಗಿಸಿದೆವು; ಮಲಗಿಸಿದರೆ ನಾಲ್ಕಡಿ ಒಳಗೆ, ಎರಡೂವರೆ ಅಡಿ ಹೊರಗೆ. ಹೊರುವ ಆಳು ಬೆವರೊರೆಸಿಕೊಂಡು, "ಯಜಮಾನ್ರೇ, ಹಿಡ್ಕೊಂಡು ಎಷ್ಟೊತ್ತು ನಿಲ್ಲೋದು? ಬಾಗಿಲೇನು ಬೆಳೆಯುತ್ತಾ?" ಎಂದ. ದೊಡ್ಡ ಕೋಣೆ ಕೇಳಿದರೆ ಅದರ ಬಾಗಿಲೂ ಆಳವೂ ಇಷ್ಟೇ, ಅಗಲ ಮಾತ್ರ ಹೆಚ್ಚು ಎಂದಿರಿ. ದುಡ್ಡು ವಾಪಸು ಕೇಳಿದರೆ ಕರಾರುಪತ್ರದ ಕೆಳಗಿನ ನನ್ನದೇ ಸಹಿಯನ್ನು ತೋರಿಸಿದಿರಿ. ಕೊನೆಗೆ ತಮ್ಮ ಕೌಂಟರಿನಲ್ಲೇ, ಬೀಗ ಮತ್ತು ರಟ್ಟಿನ ಪೆಟ್ಟಿಗೆಗಳ ಪಕ್ಕದಲ್ಲಿ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಗರಗಸವೂ ಇರುವುದನ್ನು ಕಂಡೆ. ಅದರ ಸವೆದ ಹಲ್ಲುಗಳನ್ನು ನೋಡಿ, ನನ್ನಂಥ ಅಳತೆಗಾರರು ಇಲ್ಲಿಗೆ ಬಹಳ ಮಂದಿ ಬಂದುಹೋಗಿದ್ದಾರೆಂದು ತುಸು ಸಮಾಧಾನವೂ ಆಯಿತು.

ಅಕ್ಕನ ಮನೆಯ ನೆಲ ಮುಗಿದಿದೆ. ಸೋಮವಾರ ಅವಳೇ ಬಂದು ಬೀಗ ತೆಗೆಸುತ್ತಾಳೆ. ಅಷ್ಟರೊಳಗೆ ತಾವು ದಯವಿಟ್ಟು ಈ ಎರಡರಲ್ಲೊಂದನ್ನು ನಡೆಸಿಕೊಡಬೇಕೆಂದು ಪ್ರಾರ್ಥನೆ: ಒಂದೋ ಅಕ್ಕನ ಹೊಸ ನೆಲವನ್ನು ಒಂಬತ್ತಿಂಚು ಎತ್ತರಿಸಿಕೊಡಿ, ಇಲ್ಲವೇ ತಮ್ಮ ಜಾಹೀರಾತಿನ ಆ ಸುಪ್ರಸಿದ್ಧ ಒಣ ಹವೆಗೆ ಬೀರುವಿನ ಕಾಲುಗಳು ತಾವಾಗಿಯೇ ಕುಗ್ಗಿ, ಬುಡದಲ್ಲಿ ನುಣ್ಣಗೆ ಬೇರ್ಪಟ್ಟು, ಗೋಣಿಚೀಲದೊಳಗೆ ಹೋಗಿ ಸೇರಿಕೊಂಡವೆಂದು ಮೊಹರು ಹಾಕಿ ಪ್ರಮಾಣಪತ್ರ ಕೊಡಿ. ಮೊಹರು ದೊಡ್ಡದಾಗಿರಲಿ, ಅಕ್ಕ ನಲವತ್ತು ವರ್ಷ ಕಚೇರಿಯಲ್ಲಿ ದುಡಿದವಳು, ಸಣ್ಣ ಮೊಹರನ್ನು ನಂಬುವುದಿಲ್ಲ.

ನಂಬಿ ಕೆಟ್ಟ ಮೇಲೂ ವಿಧಿಯಿಲ್ಲದೆ,
ತಮ್ಮ ವಿಶ್ವಾಸಿ,
ಹದಿನೇಳನೇ ಕೋಣೆಯವನು

ವಿ.ಸೂ.: ಪ್ರಮಾಣಪತ್ರ ಕೊಡುವ ಧೈರ್ಯ ತಮಗಿಲ್ಲವೆಂದು ಬಲ್ಲೆ, ಪ್ರಶ್ನೆ ಕೇಳುವ ಧೈರ್ಯವೇ ಇರಲಿಲ್ಲವಲ್ಲ. ಆದ್ದರಿಂದ ಭಾನುವಾರ ನಾನೇ ಅಕ್ಕನ ಹೊಸ್ತಿಲಾಚೆ ನಿಂತು ಈ ಪತ್ರವನ್ನು ಗಟ್ಟಿಯಾಗಿ ಓದಿಬಿಡುತ್ತೇನೆ. ಎಲ್ಲ ಸೇರಿ ಎರಡು ಸಾವಿರದಲ್ಲಿ ಮುಗಿಸಿದೆನೆಂದು ಅವಳೆದುರು ಕೊಚ್ಚಿಕೊಂಡಿದ್ದೆ. ಬಾಡಿಗೆ, ಮುಂಗಡ, ಹೊರುವ ಕೂಲಿ, ಕಾಲು ಮತ್ತೆ ಕೂರಿಸಲು ಬಡಗಿ ಕೇಳಿದ್ದು ಎಲ್ಲ ಕೂಡಿದರೆ, ಹೇಳಿಯೇಬಿಡುತ್ತೇನೆ, ಹತ್ತೊಂಬತ್ತು ಸಾವಿರದ ಮುನ್ನೂರ ನಲವತ್ತು.